ಸಡಿಲವಾಗಿಯೇ ಕಳಿಸಿದ್ದೇನೆ

ಭಾನುವಾರ, ಊಟದ ನಂತರ

ನನ್ನ ಗುಂಡಿಗೆ,

ಅಮ್ಮನ ಆಶೀರ್ವಾದ, ಜೊತೆಗೆ ಒಂದಿಷ್ಟು ಬೈಗುಳ. ಪಾರ್ಸಲ್ಲಿಗೆ ಯಾರಾದರೂ ಅಷ್ಟೊಂದು ಗಂಟು ಹಾಕುತ್ತಾರೇನೇ? ಅಪ್ಪ ಬಿಚ್ಚಿ ಬಿಚ್ಚಿ ಸಾಕಾಗಿ, ನಾನು ಬೇಡ ಬೇಡ ಅನ್ನುವಷ್ಟರಲ್ಲಿ ನನ್ನ ಬಟ್ಟೆ ಕತ್ತರಿಯಿಂದಲೇ ದಾರವನ್ನೂ ರಟ್ಟನ್ನೂ ಕತ್ತರಿಸಿಬಿಟ್ಟರು. ಕತ್ತರಿ ಇರೋದೇ ಕತ್ತರಿಸೋಕಲ್ವಾ ಅಂತ ನನಗೇ ಪಾಠ ಬೇರೆ. ಈಗ ಅದು ಬಟ್ಟೆಯನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ. ಸಾಣೆ ಹಿಡಿಸಲು ಕೊಟ್ಟಿದ್ದೇನೆ.

ನಾವಿಬ್ಬರೂ ಚೆನ್ನಾಗಿದ್ದೇವೆ. ಶಾಲೆ ಶುರುವಾಗುವ ಸಮಯ, ಅಂಗಡಿ ತುಂಬ ಯೂನಿಫಾರ್ಮುಗಳ ರಾಶಿ. ಅಪ್ಪ ಈಗಲೂ ಅದೇ ರಿಂಗ್ ರೋಡ್ ಬಸ್ಸು ಓಡಿಸುತ್ತಿದ್ದಾರೆ. ಇವತ್ತು ರಜೆ, ಮುಖದ ಮೇಲೆ ಪೇಪರ್ ಮುಚ್ಚಿಕೊಂಡು ಕುರ್ಚಿಯಲ್ಲೇ ನಿದ್ದೆ ಮಾಡುತ್ತಿದ್ದಾರೆ. ಅವರು ಏಳುವುದರೊಳಗೆ ಇದನ್ನು ಬರೆದು ಮುಗಿಸಬೇಕು. ಫೋನ್ ಮಾಡಬಹುದಿತ್ತಲ್ಲ ಅಂತ ನೀನು ಕೇಳಬಹುದು. ಫೋನಿನಲ್ಲಿ ನಾನು ಹೇಗಿದ್ದೀಯ ಅಂತ ಕೇಳಿ ಮುಗಿಸುವ ಮುಂಚೆಯೇ ನೀನು ಚೆನ್ನಾಗಿದ್ದೀನಿ ಅಂದುಬಿಡುತ್ತೀಯ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಬಟ್ಟೆಯ ಜೊತೆ ಇಟ್ಟ ಚೀಟಿ ಓದಿದೆ. ಹಾಸ್ಟೆಲಿನ ವಾಷಿಂಗ್ ಮಷೀನಿಗೆ ಹಾಕಿ ಹಾಕಿ ಎಲ್ಲಾ ಸಡಿಲ ಆಗಿದೆ, ಯಾವಾಗಲೂ ಮಾಡ್ತೀಯಲ್ಲ ಹಾಗೆ ಒಂಚೂರು ಟೈಟ್ ಮಾಡಿ ಕಳಿಸಮ್ಮಾ ಅಂತ ಬರೆದಿದ್ದೀಯ. ಮಗಳೇ, ನಾನು ಮದುವೆಗೆ ಮುಂಚಿನಿಂದ ಮಷೀನಿನ ಮುಂದೆ ಕೂತವಳು. ಒಗೆದರೆ ಬಟ್ಟೆ ಕುಗ್ಗುವುದನ್ನು ಕಂಡಿದ್ದೇನೆ, ಬಣ್ಣ ಬಿಡುವುದನ್ನು ಕಂಡಿದ್ದೇನೆ, ಹಿಗ್ಗುವುದನ್ನು ಮಾತ್ರ ಇವತ್ತಿನವರೆಗೂ ಕಂಡಿಲ್ಲ. ಅಂಥ ಮಷೀನು ನಿಜವಾಗಿ ಇದ್ದರೆ ಅದರ ಹೆಸರು ಹೇಳು, ನಮ್ಮ ಎದುರು ಮನೆಯ ಬ್ಯಾಂಕಿನವರ ಪ್ಯಾಂಟುಗಳನ್ನೆಲ್ಲ ಅಲ್ಲಿಗೇ ಕಳಿಸೋಣ. ಪಾಪ, ಕೂತರೆ ಏಳುವುದಕ್ಕೆ ಹೆದರುತ್ತಾರೆ.

ನಗು ಬಂತಾ? ಬಂದಿದ್ದರೆ ಸಾಕು. ನನಗೆ ಮಾತ್ರ ಚೀಟಿ ಓದಿದಾಗಿನಿಂದ ಒಂದು ತುತ್ತೂ ಸರಿಯಾಗಿ ಇಳಿಯುತ್ತಿಲ್ಲ.

ಯಾವಾಗಲೂ ಮಾಡ್ತೀಯಲ್ಲ ಹಾಗೆ ಅಂದಿದ್ದೀಯಲ್ಲ, ಆ ಮಾತನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ. ನೀನು ಔಷಧಿ ಅಂಗಡಿಯಲ್ಲಿದ್ದಾಗ ಹಾಕುತ್ತಿದ್ದ ಬಿಳಿ ಕೋಟು ನೆನಪಿದೆಯಾ? ಪೆಟ್ಟಿಗೆ ಎತ್ತಿ ಬೆನ್ನು ಹಿಡಿದುಕೊಂಡಾಗ ಅಂಗಡಿಯ ಯಜಮಾನರೇ ನೋವಿಗೆ ಮೊದಲ ಮಾತ್ರೆ ಕೊಟ್ಟಿದ್ದರು. ಬೆನ್ನು ಸರಿಹೋಯಿತು, ಮಾತ್ರೆ ನಿಲ್ಲಲಿಲ್ಲ. ನೀನು ತಟ್ಟೆಯ ಮುಂದೆ ಕೂತು ಬೆರಳಾಡಿಸಿ ಎದ್ದುಹೋಗುತ್ತಿದ್ದೆ. ಕೋಟು ಭುಜದಿಂದ ಜಾರತೊಡಗಿತು. ಟೈಲರ್ ಮಗಳ ಬಟ್ಟೆ ಗೂಟಕ್ಕೆ ನೇತುಹಾಕಿದ ಹಾಗಿದ್ದರೆ ಜನ ಏನಂದಾರು ಅಂತ, ನೀನು ಮಲಗಿದ್ದಾಗ ನಾನು ಅದರ ಪಕ್ಕದ ಹೊಲಿಗೆಯನ್ನು ಒಂಚೂರು ಒಳಗೆ ಹಿಡಿದೆ. ಸ್ವಲ್ಪ ದಿನ ಕಳೆದ ಮೇಲೆ ಇನ್ನೊಂಚೂರು. ಆಮೇಲೆ ತೋಳು. ಆಮೇಲೆ ಪ್ಯಾಂಟುಗಳು. ಅಪ್ಪ ಒಮ್ಮೆ ಇವಳು ಸಣ್ಣಗಾಗಿಲ್ವೇನೇ ಅಂತ ಕೇಳಿದ್ದರು. ಎಲ್ಲಿ ಸಣ್ಣಗಾಗಿದಾಳೆ, ಕೋಟು ಮೈಗೆ ಸರಿಯಾಗೇ ಇದೆಯಲ್ಲ ಅಂದಿದ್ದೆ. ನನಗೇನೂ ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಎಲ್ಲಾ ಗೊತ್ತಿತ್ತು ಅಂದರೂ ಸುಳ್ಳೇ.

ನೀನು ಅಂಗಡಿಯಲ್ಲಿ ಸ್ಟೂಲಿನಿಂದ ಬಿದ್ದ ದಿನ ಆಸ್ಪತ್ರೆಯಲ್ಲಿ ನರ್ಸ್ ಆ ಕೋಟು ಬಿಚ್ಚಿದರು. ಅಪ್ಪ ನಿನ್ನ ಕಡ್ಡಿಯಂಥ ತೋಳು ನೋಡಿದ್ದು ಆವಾಗಲೇ. ಅವರು ಕೋಟನ್ನು ಮಡಚಿ ಮಡಚಿ ಮಡಚಿ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು.

ನಿನ್ನನ್ನು ಚಟ ಬಿಡಿಸುವ ಕೇಂದ್ರಕ್ಕೆ ಸೇರಿಸಿದ ಮೇಲೆ ಮನೆಯವರಿಗಾಗಿ ಮಂಗಳವಾರ ಒಂದು ಸಭೆ ಇರುತ್ತಿತ್ತು, ನಿನಗೆ ಗೊತ್ತು. ಅಲ್ಲಿ ಏನು ನಡೆಯುತ್ತಿತ್ತು ಅಂತ ಮಾತ್ರ ನಾನು ಯಾವತ್ತೂ ಹೇಳಲಿಲ್ಲ. ನಿಮ್ಮ ಸಲಹೆಗಾರರು ಏನು ಹೇಳಬೇಕಾದರೂ ಸೀಮೆಸುಣ್ಣ ಹಿಡಿದುಕೊಂಡು ಎದ್ದುನಿಲ್ಲುತ್ತಿದ್ದರಲ್ಲ, ಅಪ್ಪ ಅವರಿಗೆ ಬೋರ್ಡು ಮೇಡಂ ಅಂತ ಹೆಸರಿಟ್ಟಿದ್ದರು. ಬೋರ್ಡು ಮೇಡಂ ಮೊದಲ ದಿನ ಒಂದು ದೊಡ್ಡ ಸುತ್ತು ಬರೆದರು. ಮನುಷ್ಯ ಒಂದೇ ದಿನಕ್ಕೆ ಬದಲಾಗುವುದಿಲ್ಲವಂತೆ. ಮೊದಲು ತನಗೆ ಏನೂ ಆಗಿಲ್ಲ ಅಂದುಕೊಂಡಿರುತ್ತಾನೆ. ಆಮೇಲೆ ಏನೋ ಆಗಿದೆ ಅನ್ನಿಸುತ್ತದೆ, ಬಿಡಬೇಕು ಅಂತಲೂ ಅನ್ನಿಸುತ್ತದೆ, ಬಿಡಬಾರದು ಅಂತಲೂ ಅನ್ನಿಸುತ್ತದೆ, ಆ ತೂಗುಯ್ಯಾಲೆಯೇ ಎಷ್ಟೋ ಕಾಲ. ಅದಾದ ಮೇಲೆ ಸಿದ್ಧವಾಗುವುದು, ಯಾರಿಗಾದರೂ ಬಾಯಿಬಿಟ್ಟು ಹೇಳುವುದು. ನಂತರ ನಿಜವಾಗಿ ಬಿಡುವುದು. ಬಿಟ್ಟಿದ್ದನ್ನು ಉಳಿಸಿಕೊಳ್ಳುವುದು ಬೇರೆಯೇ ಕೆಲಸವಂತೆ, ಎಲ್ಲಕ್ಕಿಂತ ಉದ್ದದ್ದು, ಹೊರಗಿನವರಿಗೆ ಕಾಣದೇ ಇರುವುದು. ಅಲ್ಲಿಂದಲೂ ಜಾರಬಹುದು, ಜಾರಿದರೆ ಮತ್ತೆ ಸುತ್ತಿನೊಳಗೆ. ಅಪ್ಪ ಸುಮ್ಮನಿರಬೇಕಲ್ಲ! ಹಾಗಾದ್ರೆ ಇದು ನಮ್ಮ ರಿಂಗ್ ರೋಡ್ ಬಸ್ಸೇ ಮೇಡಂ, ಕೊನೇ ಸ್ಟಾಪೇ ಇಲ್ಲ ಅಂದುಬಿಟ್ಟರು. ಎಲ್ಲರೂ ನಕ್ಕರು. ಮೇಡಂ ಕೂಡ ನಕ್ಕು, ಕೊನೆ ಸ್ಟಾಪ್ ಇಲ್ಲದಿದ್ರೂ ಇಳಿಯೋ ಬಾಗಿಲು ಇದೆಯಲ್ಲ ಅಂದರು.

ಇನ್ನೊಂದು ಮಂಗಳವಾರ, ಮನೆಯವರು ಮಗಳಿಗಾಗಿ ಏನೇನು ಮಾಡಿದಿರಿ ಅಂತ ಕೇಳಿದರು. ನಾನು ಕೋಟಿನ ವಿಷಯ ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ ಅನ್ನು. ನನ್ನ ಮಗಳು ಒಂದು ದಿನವೂ ರೋಗಿಷ್ಟೆಯ ಹಾಗೆ ಕಾಣಲಿಲ್ಲ, ಅಷ್ಟು ನೀಟಾಗಿ ಹಿಡಿದಿದ್ದೆ ಅಂದೆ. ಬೋರ್ಡು ಮೇಡಂ ತುಂಬ ಮೆತ್ತಗೆ ಕೇಳಿದರು, ಕೋಟು ಸಡಿಲ ಆಗ್ತಿದೆ ಅಂತ ಮಗಳಿಗೆ ಯಾವಾಗ ಗೊತ್ತಾಯ್ತಮ್ಮಾ ಅಂತ.

ನಿನಗೆ ಗೊತ್ತಾಗಲೇ ಇಲ್ಲವಲ್ಲ ಗುಂಡಿ. ಕನ್ನಡಿ ಮುಂದೆ ನಿಂತರೆ ಎಲ್ಲಾ ಸರಿಯಾಗಿತ್ತು. ಏನೂ ಆಗಿಲ್ಲ ಅನ್ನುವ ಆ ಮೊದಲನೇ ಸ್ಟಾಪಿನಲ್ಲಿ ನಿನ್ನನ್ನು ಅಷ್ಟು ದಿನ ಕೂರಿಸಿಟ್ಟಿದ್ದು ನನ್ನ ಸೂಜಿ. ಆ ಮೇಡಂ ಮೇಲೆ ನನಗೆ ಎಂಥ ಸಿಟ್ಟು ಬಂತು ಅಂತೀಯ! ಮುಂದಿನ ವಾರ ಅರ್ಜೆಂಟ್ ಆರ್ಡರ್ ಇದೆ ಅಂತ ಹೇಳಿ ಹೋಗಲೇ ಇಲ್ಲ. ಆರ್ಡರೂ ಇರಲಿಲ್ಲ, ಮಣ್ಣೂ ಇರಲಿಲ್ಲ.

ಆಮೇಲೆ ನೀನು ಮನೆಗೆ ಬಂದೆ. ಬೈದುಕೊಂಡೇ ಊಟ ಮಾಡತೊಡಗಿದೆ. ಒಂದು ಬೆಳಿಗ್ಗೆ ಅಮ್ಮಾ ಪ್ಯಾಂಟು ಹತ್ತುತ್ತಿಲ್ಲ ಅಂತ ಕೂಗಿದೆಯಲ್ಲ, ನಾನು ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಹಿಡಿದುಕೊಂಡು ಅತ್ತಿದ್ದೆ. ನಾನು ಹಿಡಿದಿದ್ದ ಹೊಲಿಗೆಗಳನ್ನೆಲ್ಲ ಒಂದೊಂದಾಗಿ ಬಿಚ್ಚುತ್ತಾ ಕೂತೆ. ಒಳಗಿನ ಬಟ್ಟೆಯನ್ನು ನಾನು ಕತ್ತರಿಸಿರಲಿಲ್ಲ ನೋಡು, ಹಾಗೇ ಮಡಚಿ ಇಟ್ಟಿದ್ದೆ. ಬಿಚ್ಚುವುದರಲ್ಲಿ ಆದಷ್ಟು ಸಂತೋಷ ನನಗೆ ಹೊಲಿಯುವುದರಲ್ಲಿ ಯಾವತ್ತೂ ಆಗಿರಲಿಲ್ಲ. ಮಾತ್ರೆಗಳ ಮುಖವೇ ನೋಡಬಾರದು ಅಂತ ನೀನೇ ಆ ಊರಿನ ಕನ್ನಡಕದ ಅಂಗಡಿಯ ಕೆಲಸ ಹುಡುಕಿಕೊಂಡು ಹೋಗಿ ಹಾಸ್ಟೆಲ್ ಸೇರಿದೆ. ಅವತ್ತಿನಿಂದ ನಿನ್ನ ಫೋನ್ ಬಂದಾಗಲೆಲ್ಲ ಅಪ್ಪ ಒಂದೇ ಮಾತು ಕೇಳುತ್ತಾರೆ, ಈಗ ಯಾವ ಸ್ಟಾಪಲ್ಲಿದಾಳೆ ಅಂತ. ಉಳಿಸಿಕೊಳ್ಳೋ ಸ್ಟಾಪಲ್ಲಿ ಅಂತ ನಾನು ಹೇಳುತ್ತೇನೆ. ಅಷ್ಟು ಕೇಳಿದರೆ ಅವರು ಮಲಗುತ್ತಾರೆ.

ಈಗ ಪಾರ್ಸಲ್ಲಿನ ವಿಷಯಕ್ಕೆ ಬರುತ್ತೇನೆ. ಬೂದು ಬಣ್ಣದ ಪ್ಯಾಂಟಿನ ಸೊಂಟಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಪಿನ್ನಿನ ತೂತುಗಳಿವೆ. ಮೊದಲು ಗುಂಡಿಯ ಪಕ್ಕದಲ್ಲೇ ಒಂದು ಜೊತೆ, ಸ್ವಲ್ಪ ಒಳಗೆ ಇನ್ನೊಂದು, ಅದಕ್ಕಿಂತ ಒಳಗೆ ಮತ್ತೊಂದು. ಕೊನೆಯ ಜೊತೆ ಹೊಸದು, ದಾರ ಇನ್ನೂ ಎದ್ದುನಿಂತಿದೆ. ನೀನು ಪಿನ್ ತೆಗೆದು ಕಳಿಸಿದ್ದೀಯ, ತೂತುಗಳನ್ನು ಏನು ಮಾಡುತ್ತೀಯ? ವಾಷಿಂಗ್ ಮಷೀನು ಪಿನ್ ಹಾಕುವುದಿಲ್ಲ ಮಗಳೇ.

ಬೇರೆ ಏನಾದರೂ ಇರಬಹುದು ಅಂತ ನಾನೂ ಎಷ್ಟೋ ಹೇಳಿಕೊಂಡೆ. ಹಾಸ್ಟೆಲಿನ ಊಟ ಸೇರುತ್ತಿಲ್ಲವೇನೋ, ಜ್ವರ ಬಂದಿತ್ತೇನೋ, ಬೇಕೆಂದೇ ತೂಕ ಇಳಿಸಿದ್ದೀಯೇನೋ. ಹಾಗಿದ್ದರೆ ನೀನು ಫೋನಿನಲ್ಲೇ ಹೇಳುತ್ತಿದ್ದೆ. ಮಷೀನಿನ ಮೇಲೆ ತಪ್ಪು ಹೊರಿಸುತ್ತಿರಲಿಲ್ಲ. ನನ್ನ ಊಹೆ ತಪ್ಪಾಗಿದ್ದರೆ ಬೇಕಾದಷ್ಟು ಬೈದು ಬರಿ, ಆ ಬೈಗುಳವನ್ನು ಕಣ್ಣಿಗೊತ್ತಿಕೊಳ್ಳುತ್ತೇನೆ.

ಅಪ್ಪನಿಗೆ ಹೇಳಿಲ್ಲ. ಬಟ್ಟೆ ಯಾಕೆ ಬಂತು ಅಂತ ಕೇಳಿದರು, ಜಿಪ್ ಹಾಳಾಗಿದೆ ಅಂದೆ. ಹೇಳಬೇಕು ಅಂತ ಗೊತ್ತು. ಬಾಯಿ ಬರುತ್ತಿಲ್ಲ.

ಮೊನ್ನೆ ಒಬ್ಬಳೇ ಹೋಗಿ ಬೋರ್ಡು ಮೇಡಂ ಅವರನ್ನು ನೋಡಿಬಂದೆ. ನಮ್ಮ ಪರಿಚಯದವರ ಮಗಳೊಬ್ಬಳು ಅಂತ ಶುರು ಮಾಡಿದೆ. ಅವರು ಪರಿಚಯದವರ ಮಗಳು ಅಂತಲೇ ಉತ್ತರ ಕೊಟ್ಟರು, ದೊಡ್ಡ ಮನಸ್ಸು. ಜಾರಿದವರು ಮೊದಲಿದ್ದಲ್ಲಿಗೇ ಬೀಳಲ್ಲಮ್ಮಾ, ಒಂದು ಸಲ ನಡೆದ ದಾರಿ ಕಾಲಿಗೆ ಗೊತ್ತಿರುತ್ತೆ ಅಂದರು. ಹಾಗಾದರೆ ನಾನೇನು ಮಾಡಲಿ ಅಂತ ಕೇಳಿದೆ. ಹೋಗಿ ಕರಕೊಂಡು ಬರಲೇ, ಕೋಣೆ ಹುಡುಕಲೇ, ಕಾಲು ಹಿಡಿಯಲೇ? ಅವಳ ಪಾಲಿನ ಹೆಜ್ಜೆ ನೀವು ಇಡೋಕಾಗಲ್ಲ, ನಿಮ್ಮ ಪಾಲಿಂದು ನೀವು ಇಡಬಹುದು ಅಂದರು. ಇಷ್ಟೇನಾ? ಇಷ್ಟು ಕೇಳಲು ಎರಡು ಬಸ್ಸು ಬದಲಾಯಿಸಿ ಹೋಗಿದ್ದೆ. ವಾಪಸು ಬರುವಾಗ ಕಿಟಕಿಯ ಪಕ್ಕ ಕೂತು ನನ್ನ ಕೈಗಳನ್ನೇ ನೋಡುತ್ತಿದ್ದೆ. ಇಷ್ಟು ವರ್ಷ ಏನು ಹರಿದರೂ ಹೊಲಿದ ಕೈಗಳು, ಈಗ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

ನಿನಗೆ ಗುಂಡಿ ಅಂತ ಹೆಸರು ಬಂದಿದ್ದು ಯಾಕೆ, ನೆನಪಿದೆಯಾ? ಚಿಕ್ಕವಳಿದ್ದಾಗ ನೀನು ನನ್ನ ಹೊಲಿಗೆ ಡಬ್ಬಿಯೊಳಗಿನ ಕೆಂಪು ಗುಂಡಿಯೊಂದನ್ನು ನುಂಗಿಬಿಟ್ಟಿದ್ದೆ. ನುಂಗಿದವಳು ನೀನೇ ಓಡಿಬಂದು, ಅಮ್ಮಾ ಗುಂಡಿ ಹೋಯ್ತು ಅಂತ ಬಾಯಿ ತೆರೆದು ತೋರಿಸಿದೆ. ನಾವಿಬ್ಬರೂ ಎದೆ ಬಡಿದುಕೊಂಡು ಡಾಕ್ಟರ ಹತ್ತಿರ ಓಡಿದೆವು. ಅವರು ನೋಡಿ, ಏನೂ ಮಾಡೋಕಾಗಲ್ಲ, ಊಟ ಕೊಡಿ, ಕಾಯಿರಿ ಅಂದರು. ಆ ಕಾಯುವುದಿತ್ತಲ್ಲ, ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ ಅಂದುಕೊಂಡಿದ್ದೆ. ಈಗಲೂ ಅದನ್ನೇ ಮಾಡುತ್ತಿದ್ದೇನೆ. ಒಂದೇ ವ್ಯತ್ಯಾಸ, ಅವತ್ತು ನೀನು ಬಾಯಿ ತೆರೆದು ತೋರಿಸಿದ್ದೆ.

ಅದಕ್ಕೇ ನಿನ್ನ ಬಟ್ಟೆಗಳನ್ನು ಇದ್ದ ಹಾಗೆಯೇ ವಾಪಸು ಕಳಿಸುತ್ತಿದ್ದೇನೆ. ಒಗೆದು ಇಸ್ತ್ರಿ ಮಾಡಿದ್ದೇನೆ, ಅಷ್ಟೇ. ಸೂಜಿ ಮುಟ್ಟಿಸಿಲ್ಲ. ಸಡಿಲವಾಗಿಯೇ ಹಾಕಿಕೋ. ಕನ್ನಡಕದ ಅಂಗಡಿಯಲ್ಲಿ ಗೋಡೆ ತುಂಬ ಕನ್ನಡಿಗಳಿರುತ್ತವಲ್ಲ, ನೋಡಿಕೋ. ಇದನ್ನು ಬರೆಯುವಾಗ ನಾನು ಕಲ್ಲು ಮನಸ್ಸು ಮಾಡಿಕೊಂಡಿದ್ದೇನೆ ಅಂತ ತಿಳಿಯಬೇಡ. ಇದು ಸರಿಯೋ ತಪ್ಪೋ ಅನ್ನುವುದೂ ನನಗೆ ಗೊತ್ತಿಲ್ಲ. ನಾಳೆ ನಿನ್ನ ಪ್ಯಾಂಟು ಜಾರಿ ನಾಲ್ಕು ಜನರ ಮುಂದೆ ಅವಮಾನವಾದರೆ ಅದೂ ನನ್ನ ತಲೆಗೇ. ಏನು ಮಾಡಲಿ, ನನ್ನ ಪಾಲಿಗೆ ಉಳಿದಿರುವುದು ಇದೊಂದೇ, ಹೊಲಿಯದೇ ಇರುವುದು.

ನಿನ್ನ ಕೋಣೆಯ ಹಾಸಿಗೆ ಹಾಗೇ ಇದೆ. ಕೀಲಿ ಹಳೆಯ ಜಾಗದಲ್ಲೇ ಇದೆ. ಬರುವುದಾದರೆ ಹೇಳಿ ಬರಬೇಕಾಗಿಲ್ಲ. ಬರದಿದ್ದರೆ ಬೋರ್ಡು ಮೇಡಂಗಾದರೂ ಒಂದು ಫೋನ್ ಮಾಡು. ಅವರ ನಂಬರ್ ನಿನ್ನ ಹತ್ತಿರ ಇದೆ. ಅದನ್ನು ನೀನು ಅಳಿಸಿರಲಾರೆ ಅಂತ ನಂಬಿದ್ದೇನೆ.

ಅಪ್ಪನ ಮುಖದ ಮೇಲಿನ ಪೇಪರ್ ಅಲ್ಲಾಡುತ್ತಿದೆ, ಎಚ್ಚರವಾಗುತ್ತಿದೆ. ಎದ್ದ ತಕ್ಷಣ ನೀನು ಯಾವ ಸ್ಟಾಪಲ್ಲಿದ್ದೀಯ ಅಂತ ಕೇಳುತ್ತಾರೆ. ಈ ಸಲ ನಿಜ ಹೇಳಲು ಪ್ರಯತ್ನಿಸುತ್ತೇನೆ.

ಏನೇ ಆಗಿದ್ದರೂ ನಿನ್ನ
ಅಮ್ಮ

ಮರೆತಿದ್ದು: ಸೂಜಿ ಮುಟ್ಟಿಸಿಲ್ಲ ಅಂತ ಮೇಲೆ ಬರೆದಿದ್ದೇನೆ, ಅದು ಸುಳ್ಳು. ನೀಲಿ ಶರ್ಟನ್ನು ಬೆಳಕಿಗೆ ಹಿಡಿದರೆ ಎರಡೂ ಪಕ್ಕದಲ್ಲಿ ಸಾಲಾಗಿ ತೂತುಗಳು ಕಾಣುತ್ತವೆ. ಚೀಟಿ ಓದಿದ ಕೂಡಲೇ ಏನನ್ನೂ ಯೋಚಿಸದೆ ಮಷೀನಿನ ಮುಂದೆ ಕೂತು, ಅದನ್ನು ಪೂರ್ತಿ ಹಿಡಿದು ಹೊಲಿದುಬಿಟ್ಟಿದ್ದೆ. ಪ್ಯಾಂಟು ಕೈಗೆತ್ತಿಕೊಂಡ ಮೇಲೆಯೇ ಬುದ್ಧಿ ಬಂತು. ನಾನೂ ಜಾರಿದೆ ಗುಂಡಿ. ಇವತ್ತು ಬೆಳಿಗ್ಗೆ ಬಿಚ್ಚಿದೆ.