ಐದನೆಯ ಪ್ರಾರ್ಥನೆ

ಬಿಟ್ಟಂಗಾಲ,
7 ಏಪ್ರಿಲ್ 2025

ಪ್ರೀತಿಯ ಗ್ರೆಟ್ಟಾ,

ನಿನಗೂ ಅಶ್ವಥ್‌ಗೂ ನಿನ್ನ ಅತ್ತೆಯವರಿಗೂ ಯೇಸುಸ್ವಾಮಿಯ ಸಮಾಧಾನವಿರಲಿ. ಅಕ್ಷರ ನೋಡಿದ ಕೂಡಲೇ ಅಕ್ಕನದೆಂದು ಗೊತ್ತಾಗಿರುತ್ತದೆ. ಹರಿದು ಹಾಕಬೇಡ, ಇಡೀ ಓದಿ ಆಮೇಲೆ ಬೇಕಾದರೆ ಒಲೆಗೆ ಹಾಕು. ಅಮ್ಮನನ್ನು ಮಣ್ಣು ಮಾಡಿದ ದಿನ ಸಿಮೆಟ್ರಿ ಗೇಟಿನಿಂದ ಅಳುತ್ತಾ ಹೋದ ನಿನಗೆ ಮೂರು ವರ್ಷ ಒಂದು ಸಾಲು ಬರೆಯಲಿಲ್ಲ. ಅದಕ್ಕೆ ಕ್ಷಮೆ ಕೇಳುತ್ತಾ ಕೂತರೆ ಕಾಗದ ಅಲ್ಲಿಗೇ ಮುಗಿಯುತ್ತದೆ, ಆದ್ದರಿಂದ ಮೊದಲು ಸುದ್ದಿ. ಫೋನ್ ಮಾಡೋಣವೆಂದರೆ ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಮಾಡಿದ್ದು ಸರಿಯೇ.

ಈ ಸಲ ಹೂಮಳೆ ಹೊತ್ತಿಗೆ ಸರಿಯಾಗಿ ಬಂತು. ಕಾಫಿ ಹೂ ನೋಡುವ ಆಸೆಗೆ ಕೊಡೆಯಿಲ್ಲದೆ ತೋಟಕ್ಕೆ ಹೋಗಿ ನೆನೆದೆ. ಗಂಟಲು ಪೂರ್ತಿ ಕಟ್ಟಿ, ಸ್ವರವೇ ಇಲ್ಲದಂತಾಯಿತು. ಈಸ್ಟರಿಗೆ ಮುಂಚಿನ ಈ ತಪಸ್ಸುಕಾಲದಲ್ಲಿ ದೇವರು ತನಗೆ ವಿಶೇಷ ಕೃಪೆ ತೋರಿದ್ದಾನೆಂದು ನಿನ್ನ ಬಾಸಿಲ್ ಭಾವ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು.

ಭಾನುವಾರದ ಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಗಳನ್ನು ನಾನೇ ಬರೆದು ನಾನೇ ಓದುವುದು ನಿನಗೆ ಗೊತ್ತು. ಒಟ್ಟು ಆರು. ಪೋಪ್‌ರವರಿಗೆ, ದೇಶಕ್ಕೆ, ಕಾಯಿಲೆಯವರಿಗೆ, ಮಳೆಬೆಳೆಗೆ, ಕೊನೆಯದು ತೀರಿಕೊಂಡವರಿಗೆ. ಇವೆಲ್ಲ ವಾರ ವಾರ ಬದಲಾಗುತ್ತವೆ. ಐದನೆಯದು ಮಾತ್ರ ನೀನು ಒಂಬತ್ತು ವರ್ಷದ ಹಿಂದೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಅಶ್ವಥ್‌ನನ್ನು ಮದುವೆಯಾದ ವಾರದಿಂದ ಒಂದಕ್ಷರ ಬದಲಾಗಿಲ್ಲ: "ಕಣ್ಣಿದ್ದೂ ಕಾಣದೆ ದೇವರ ಮನೆ ಬಿಟ್ಟುಹೋದವರ ಕಣ್ಣು ತೆರೆಯಲೆಂದು ಪ್ರಾರ್ಥಿಸೋಣ." ಹೆಸರಿಲ್ಲ, ನೋಡು. ಹೆಸರಿಲ್ಲದ ಮೇಲೆ ಯಾರಿಗೆ ತಿಳಿಯುತ್ತದೆ ಎಂದುಕೊಂಡಿದ್ದೆ.

ನನಗೆ ಸ್ವರವಿಲ್ಲದ ಆ ಭಾನುವಾರ ಬಾಸಿಲ್ ಓದಿದರು. ಎಷ್ಟೋ ವರ್ಷಗಳ ಮೇಲೆ ನಾನು ಬೆಂಚಿನಲ್ಲಿ ಕೂತು ಕೇಳಿದೆ. ಮಾಕುಟ್ಟ ಚೆಕ್‌ಪೋಸ್ಟಿನಲ್ಲಿ ಲಾರಿ ನಂಬರ್ ಕೂಗಿದ ಹಾಗೆ ಓದಿದರು, ಅದಿರಲಿ. ನಾಲ್ಕನೆಯದು ಮುಗಿಯುತ್ತಲೇ ಹಿಂದಿನ ಬೆಂಚಿನ ಎಮಿಲ್ಡಾಬಾಯಿ ತಮ್ಮ ಸೊಸೆಗೆ, "ಇನ್ನು ಗ್ರೆಟ್ಟಾಂದು ಬರ್ತದೆ," ಎಂದರು. ಬಂತು. ಇಗರ್ಜಿಯ ಜನರೆಲ್ಲ "ಪ್ರಭುವೇ, ಆಲಿಸು" ಎಂದರು. ನನ್ನ ಕಿವಿ ಬಿಸಿಯಾಯಿತು.

ಮನೆಗೆ ಬರುವ ದಾರಿಯಲ್ಲಿ ಪಿಸುದನಿಯಲ್ಲಿ ಬಾಸಿಲ್‌ರನ್ನು ಕೇಳಿದೆ. ಅದಕ್ಕೆ ಗ್ರೆಟ್ಟಾಳ ಪ್ರಾರ್ಥನೆ ಎಂದೇ ಊರಲ್ಲಿ ಹೆಸರಂತೆ, ಧರ್ಮೋಪದೇಶಕ್ಕೆ ಬರುವ ನನ್ನ ಕ್ಲಾಸಿನ ಮಕ್ಕಳೂ ಹಾಗೇ ಹೇಳುತ್ತಾರಂತೆ. ನಾಚಿಕೆಯಾಯಿತು. ಆದರೆ ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಪಾತ್ರೆ ಮುಚ್ಚಿಟ್ಟಿದ್ದರೆ ಮುಚ್ಚಳ ತೆಗೆದು ನೋಡದೆ ಇರಲಾರೆ. ಊರಿಗೆಲ್ಲ ಕಂಡದ್ದು ನನಗೊಬ್ಬಳಿಗೆ ಕಂಡಿಲ್ಲವೆಂದರೆ, ಇನ್ನೂ ಏನೇನು ಕಂಡಿಲ್ಲವೋ ಎಂಬ ಕುತೂಹಲ ಹತ್ತಿಕೊಂಡಿತು.

ಫಾದರ್ ಹತ್ತಿರ ಹೋದೆ. ಮುಂದಿನ ವಾರದ ಐದನೆಯದನ್ನು ನಿಮಗಾಗಿ ಬರೆಯಿರಿ ಎಂದರು. ಪೆನ್ನು ಹಿಡಿದು ಕೂತೆ. ಲೋಕದವರಿಗೆಲ್ಲ ನಿಂತ ಕಾಲಲ್ಲಿ ಪ್ರಾರ್ಥನೆ ಬರೆಯುವವಳಿಗೆ ತನಗಾಗಿ ಒಂದು ಸಾಲು ಹುಟ್ಟಲಿಲ್ಲ. ಕೊನೆಗೆ ಒಂಬತ್ತು ದಿನದ ನೊವೇನಾ ಹಿಡಿದೆ. ಪುಸ್ತಕವಿಲ್ಲ, ಬೇಡಿಕೆಯ ಪಟ್ಟಿಯಿಲ್ಲ. "ಸ್ವಾಮಿ, ನನಗೆ ಕಾಣದ್ದನ್ನು ತೋರಿಸು," ಇಷ್ಟೇ.

ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ಯೇಸುವಿನ ಪಟದ ಹಿಂದೆ ಜೇಡರ ಬಲೆ ಕಂಡಿತು, ಗುಡಿಸಿದೆ. ಮೂರನೆಯ ದಿನ ಮೊಣಕಾಲೂರಿದಲ್ಲೇ ತೂಕಡಿಸಿದೆ. ನಾಲ್ಕನೆಯ ದಿನ ಸುಮ್ಮನೆ ಕೂತಿದ್ದಾಗ ಒಂದು ಪ್ರಶ್ನೆ ಎದ್ದಿತು. "ಗ್ರೆಟ್ಟಾ ಪ್ರಾರ್ಥನೆ ಮಾಡುತ್ತಾಳೋ ಇಲ್ಲವೋ, ನಿನಗೇನು ಗೊತ್ತು, ಅಪೊಲಿನ್?" ಬೆಚ್ಚಿಬಿದ್ದೆ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ನಾನದನ್ನು ಯಾರನ್ನೂ ಕೇಳಿರಲಿಲ್ಲ. ಕಣ್ಣು ತೆರೆಯುವುದೆಂದರೆ ಫಳ್ಳನೆ ಬೆಳಕಾಗುತ್ತದೆಂದು ಮಕ್ಕಳಿಗೆ ಪಾಠ ಹೇಳಿದವಳು ನಾನು. ನನಗೆ ಬಂದದ್ದು ಪ್ರಶ್ನೆ, ಉಳಿದ ಐದು ದಿನವೂ ಅದು ಬಿಡಲಿಲ್ಲ.

ಹತ್ತನೆಯ ದಿನ, ಹೋದ ಬುಧವಾರ, ವಿರಾಜಪೇಟೆಗೆ ಹೋಗಿ ಕುಶಾಲನಗರದ ಬಸ್ ಹತ್ತಿದೆ. ನೀನು ಪಾಠ ಮಾಡಲು ಶಾಲೆಗೆ ಹೋಗಿರುವ ಹೊತ್ತು ನೋಡಿಯೇ ನಿಮ್ಮ ಮನೆಗೆ ಬಂದೆ. ನನ್ನ ಧೈರ್ಯ ಅಷ್ಟೇ. ನಿನ್ನ ಅತ್ತೆ ಲಿಂಗಮ್ಮನವರು ಹೆಸರು ಕೇಳಲೇ ಇಲ್ಲ. ಮೂಗು ನೋಡಿಯೇ ನಿನ್ನ ಅಕ್ಕನೆಂದು ಗೊತ್ತಾಯಿತಂತೆ. ಕೂರಿಸಿ ಮಜ್ಜಿಗೆ ಕೊಟ್ಟರು. ನಾನು ಬಂದದ್ದನ್ನು ನಿನಗೆ ಹೇಳಬೇಡಿರೆಂದು ಬೇಡಿಕೊಂಡಿದ್ದೆ, ಅವರನ್ನು ಬೈಯಬೇಡ.

ಸುತ್ತಿ ಬಳಸದೆ ಕೇಳಿಬಿಟ್ಟೆ, ಗ್ರೆಟ್ಟಾ ಪ್ರಾರ್ಥನೆ ಮಾಡುತ್ತಾಳಾ ಎಂದು.

"ಮದ್ವೆಯಾಗಿ ಬಂದಾಗಿಂದ ದಿನಾ ಸಂಜೆ ಆ ಸರ ಹಿಡ್ಕೊಂಡು ಕೂರೋಳು ಕನವ್ವ," ಎಂದರು. "ಟಿವಿ ಆಫ್ ಮಾಡಿ ನಾನೂ ಸುಮ್ನೆ ಕೂತಿರ್ತಿದ್ದೆ. ಅವ್ರವ್ವ ಹೋದ್ಮೇಲೆ ಬುಟ್‌ಬುಟ್ಲು. ಸಾಯೋ ಕಾಲಕ್ಕೆ ಹೆತ್ತವ್ವಂಗೇ ಬ್ಯಾಡವಾದೆ, ಇನ್ ದೇವ್ರಿಗ್ಯಾಕೆ ಬೇಕು ನಾನು, ಅಂತಾಳೆ."

ಗ್ರೆಟ್ಟಾ, ಮಜ್ಜಿಗೆ ಲೋಟ ಕೆಳಗಿಟ್ಟೆ. ಆರು ವರ್ಷ ನೀನು ಪ್ರತಿ ಸಂಜೆ ಜಪಸರ ಹಿಡಿದು ಕೂತಿದ್ದೆ. ಆ ಆರು ವರ್ಷವೂ ಪ್ರತಿ ಭಾನುವಾರ ನಾನು ಮೈಕಿನಲ್ಲಿ ನಿನ್ನನ್ನು ಕುರುಡಿ ಎನ್ನುತ್ತಿದ್ದೆ. ನೀನು ನಿಜಕ್ಕೂ ಬಿಟ್ಟದ್ದು ಆಮೇಲೆ, ಅದೂ ನನ್ನಿಂದ. ಯಾಕೆಂದು ಬರೆಯಲು ಈಗ ಕೈ ಬರುತ್ತಿಲ್ಲ, ತಡೆ.

ನಿಮ್ಮ ದೇವರ ಕೋಣೆಯಲ್ಲಿ ಅವರ ಮನೆದೇವರ ಪಟದ ಪಕ್ಕ ನಮ್ಮ ಮಾತೆ ಮರಿಯಮ್ಮನವರ ಚಿತ್ರವಿತ್ತು. ಮುಂದೆ ದೀಪ ಉರಿಯುತ್ತಿತ್ತು. ಗ್ರೆಟ್ಟಾ ಬಿಟ್ಟಿದ್ದಾಳೆಂದಿರಿ, ಇದನ್ನು ಹಚ್ಚಿದ್ದು ಯಾರು ಎಂದು ಕೇಳಿದೆ.

"ನಾನೇಯ. ಅವ್ಳು ತಿರ್ಗ ಬಂದು ಕೂರೋಗಂಟ ಆರಬಾರ್ದಲ್ವ. ನಿಮ್ ಮಂತ್ರ ನಂಗ್ ಬರಾಕಿಲ್ಲ. ಕೈ ಮುಗ್ದು ಸೊಸೆ ಹೆಸ್ರು ಹೇಳ್ತೀನಿ."

ನನಗೆ ಎಲ್ಲ ಮಂತ್ರಗಳೂ ಬರುತ್ತವೆ. ನಿನ್ನ ಹೆಸರು ಹೇಳಿ ಮಾತ್ರ ಒಂದು ದಿನವೂ ಪ್ರಾರ್ಥಿಸಿರಲಿಲ್ಲ. ಅವರ ಪಕ್ಕ ಮೊಣಕಾಲೂರಿದೆ. ಅವರು "ಗ್ರೆಟ್ಟ" ಎಂದರು, ನಾನೂ ಇದ್ದಷ್ಟು ಸ್ವರದಲ್ಲಿ "ಗ್ರೆಟ್ಟಾ" ಎಂದೆ. ಆಮೇಲೆ ಇಬ್ಬರೂ ಅತ್ತೆವು.

ನಿನ್ನೆ ಪೂಜೆಯಲ್ಲಿ ಒಡಕು ಸ್ವರದಲ್ಲೇ ನಾನು ಓದಿದೆ. ಐದನೆಯದು ಹೀಗಿತ್ತು: "ತಂಗಿಯನ್ನು ಕುರುಡಿ ಎಂದು ಊರಿಗೆ ಸಾರಿದ ಈ ಅಪೊಲಿನ್‌ಳ ಕಣ್ಣು ಮುಚ್ಚದಿರಲೆಂದು ಪ್ರಾರ್ಥಿಸೋಣ." ಫಾದರ್ ತಲೆಯೆತ್ತಿ ನೋಡಿದರು. ಮೊದಲು "ಪ್ರಭುವೇ, ಆಲಿಸು" ಎಂದದ್ದು ಎಮಿಲ್ಡಾಬಾಯಿ, ಉಳಿದವರು ಆಮೇಲೆ ಸೇರಿಕೊಂಡರು.

ಈಸ್ಟರಿಗೆ ಬಾ ಎಂದು ಕರೆಯುವ ಮುಖ ನನಗಿಲ್ಲ. ಬಂದರೆ ಅತ್ತೆಯವರನ್ನೂ ಕರೆದುಕೊಂಡು ಬಾ. ಬಾರದಿದ್ದರೂ ನೀನೂ ಅಶ್ವಥ್‌ನೂ ನೂರು ಕಾಲ ಚೆನ್ನಾಗಿರಿ, ಮರಿಯಮ್ಮನವರ ಸೆರಗಿನ ನೆರಳು ನಿಮ್ಮ ಮನೆಯ ಮೇಲಿರಲಿ.

ನಿನ್ನ ಅಕ್ಕ,
ಅಪೊಲಿನ್

ತಾ.ಕ.: ಇಷ್ಟುದ್ದ ಬರೆದದ್ದೇ ಇದಕ್ಕೆ ಹೆದರಿ. ಪಾಪನಿವೇದನೆಯಲ್ಲಿ ದೇವರಿಗೆ ಹೇಳಿದ್ದೇನೆ, ಇನ್ನು ನಿನಗೆ ಹೇಳಬೇಕು. ಅಮ್ಮನಿಗೆ ನೀನು ಬೇಡವಾಗಿರಲಿಲ್ಲ. ನಿನ್ನನ್ನು ಕರೆಸಬೇಡವೆಂದು ಅಮ್ಮನೇ ಅಂದರೆಂದು ಸಿಮೆಟ್ರಿ ಗೇಟಿನಲ್ಲಿ ನಾನು ನಿನಗೆ ಹೇಳಿದ್ದು ಸುಳ್ಳು. ಆಸ್ಪತ್ರೆಯಲ್ಲಿ ಮೂರು ದಿನವೂ ಅಮ್ಮ ನಿನ್ನನ್ನೇ ಕೇಳಿದರು. ಫೋನ್ ಮಾಡಿದ್ದೇನೆ, ಬರುವುದಿಲ್ಲ ಎಂದಳು ಎಂದು ಅಮ್ಮನಿಗೆ ಹೇಳಿದೆ. ನಾನು ಮಾಡಿರಲಿಲ್ಲ. "ಬಸ್ ಸಿಕ್ಕಿರ್ಲಿಕ್ಕಿಲ್ಲ ಬಿಡು, ನಾಳೆ ಬರ್ತಾಳೆ," ಎಂದರು. ಮಾರನೆಯ ದಿನವೂ ಅದನ್ನೇ ಅಂದರು. ಫಾದರ್ ಬಂದು ಹಣೆಗೆ ಕೊನೆಗಾಲದ ಎಣ್ಣೆ ಹಚ್ಚುವಾಗ ಅಮ್ಮನಿಗೆ ಕಣ್ಣು ಮಂಜಾಗಿತ್ತು. ನನ್ನ ಕೈ ಹಿಡಿದುಕೊಂಡು, "ಬಂದ್ಯಾ, ಗ್ರೆಟ್ಟಾ," ಎಂದರು. ನಾನು "ಹೂಂ ಅಮ್ಮ" ಎಂದೆ. ನಿನ್ನ ಕೈ ಎಂದುಕೊಂಡೇ ಅವರು ಕೊನೆಯವರೆಗೂ ಬಿಡಲಿಲ್ಲ.