ಮೀನಿನ ಹೊಟ್ಟೆಯಲ್ಲೇ ಉಳಿದ ಯೋನ

ನಮ್ಮ ಟೀಚರಮ್ಮನಿಗೆ,

ಬೆಳಗಿನ ಪಾಳಿ ಇದೆ, ಆಸ್ಪತ್ರೆಗೆ ಹೊರಟೆ. ಹಾಲು ಕಾಯಿಸಿದ್ದೇನೆ, ಕುಡಿ.

"ನಾನು ಮಕ್ಕಳಿಗೆ ಹೇಳ್ತಿದ್ದ ಬೈಬಲ್ ಕಥೆ ಮುಗಿಯೋಕೆ ಮುಂಚೆನೇ ಗಂಟೆ ಹೊಡೆದ್ರು, ನನ್ ಜೊತೆ ಪಾಠ ಹೇಳೋಕೆ ಬರೋ ಹುಡುಗ್ರೆಲ್ಲ ನಕ್ಕರು, ಇನ್ನು ಚರ್ಚಿನ ಬೇಸಿಗೆ ಶಿಬಿರಕ್ಕೆ ಕಾಲಿಡಲ್ಲ" ಅಂತ ನಿನ್ನೆ ಮುಸುಕು ಹೊದ್ದು ಮಲಗಿದೆಯಲ್ಲ. ಬಿರುಗಾಳಿಯ ವರ್ಣನೆಗೇ ಅರ್ಧ ಗಂಟೆ ತೆಗೆದುಕೊಂಡರೆ, ಯೋನನನ್ನು ಮೀನು ನುಂಗುವಷ್ಟರಲ್ಲಿ ಗಂಟೆ ಹೊಡೆಯದೆ ಇನ್ನೇನಾಗುತ್ತದೆ, ಮಾತಿನ ಮಲ್ಲಿ? ನನ್ನ ಮಗಳೇ ಸರಿ.

ನೀನು ಮಲಗಿದ ಮೇಲೆ ಪಕ್ಕದ ಮನೆಯ ದರ್ಜಿ ಅಕ್ಕ ಬಂದಿದ್ದಳು. ಶಿಬಿರದಲ್ಲಿ ನಿನ್ನ ಕಥೆ ಕೇಳಿ ಬಂದ ಅವಳ ಪುಟ್ಟಿ ರಾತ್ರಿ ಊಟದ ತಟ್ಟೆ ಮುಟ್ಟಲಿಲ್ಲವಂತೆ. "ಯೋನ ಮಾಮ ಇನ್ನೂ ಮೀನಿನ ಹೊಟ್ಟೇಲೇ ಇದಾನೆ, ಅವನಿಗೆ ಯಾರು ಊಟ ಕೊಡ್ತಾರೆ?" ಅಂತ ಒಂದೇ ಅಳುವಂತೆ. "ಮುಂದಿಂದು ನಾನು ಹೇಳ್ತೀನಿ ಬಾರೇ" ಅಂತ ಅವಳಮ್ಮ ಅಂದರೆ, "ನಿಂಗೇನ್ ಗೊತ್ತು? ಟೀಚರಕ್ಕಂಗೇ ಗೊತ್ತಿರೋದು!" ಅಂದಳಂತೆ.

ಕಥೆಗೆಂದು ನೀನು ಮಾಡಿದ್ದ ರಟ್ಟಿನ ಮೀನಿನ ಬಾಲ ಕಿತ್ತುಬಂದಿತ್ತು, ಅಂಟಿಸಿದ್ದೇನೆ. ಇವತ್ತು ಹಾಡು, ಚಪ್ಪಾಳೆ ಎಲ್ಲ ಆಮೇಲೆ. ಪ್ರಾರ್ಥನೆ ಮುಗಿದ ಕೂಡಲೇ ಮೀನಿನ ಬಾಯಿಂದ ಆ ಮನುಷ್ಯನನ್ನು ದಡಕ್ಕೆ ಹಾಕಿಸು.

ಒಂಬತ್ತಕ್ಕೆ ಪುಟ್ಟಿ ನಮ್ಮ ಬಾಗಿಲಿಗೆ ಬರುತ್ತಾಳೆ, ನಿನ್ನ ಕೈ ಹಿಡಿದುಕೊಂಡೇ ಶಿಬಿರಕ್ಕೆ ಹೋಗುವುದಂತೆ. "ಬರಲ್ಲ" ಅನ್ನುವುದಿದ್ದರೆ ನನಗಲ್ಲ, ಅವಳ ಮುಖ ನೋಡಿ ಹೇಳು.

ಅಮ್ಮ