ಅಂಗಳಕ್ಕೆ ಹಾಸಿದ ಪತ್ರಾಸಿನ ಪುಡಿ

ಅಫಜಲಪುರ,
ಮೃಗಶಿರ ಮಳೆ ಇನ್ನೂ ಬಂದಿಲ್ಲ

ಪ್ರೀತಿಯ ಜಾನಕೀಬಾಯಿ ಕಾಕು ಅವರಿಗೆ, ಮದೀನಾಬಿಯ ಮಗಳು ನೂರೀನಳ ಸಲಾಮು, ನಮಸ್ಕಾರ ಎರಡೂ.

ನಿನ್ನೆ ಫೋನಿನಲ್ಲಿ ನಿಮಗೆ ಸುಳ್ಳು ಹೇಳಿದೆ. ನಿಮ್ಮ ಹಳೆಯ ಮನೆಯ ಮೇಲಿನ ಸಿಮೆಂಟ್ ಶೀಟಿನ ಪತ್ರಾಸು ಇಳಿಸುವಾಗ ಎಲ್ಲ ಒಡೆದುಹೋದವು, ನಿಮ್ಮ ಜೇವರ್ಗಿಯ ಅಂಗಳಕ್ಕೆ ಹಾಸಲು ಅವನ್ನು ಒಯ್ಯಲಿಕ್ಕೆ ನಿಮ್ಮ ಮಗ ಶ್ರೀರಂಗ ಟೆಂಪೋ ತರುವುದು ಬೇಡ ಎಂದೆ. ನೀವು ಬಿಡಬೇಕಲ್ಲ! "ಒಡದ್ರ ಛಲೋನ ಆತಲ್ಲವಾ, ಕುಟ್ಟೋ ತ್ರಾಸರೆ ತಪ್ತು. ಚೀಲದಾಗ ತುಂಬಿಸಿ ಇಡು, ಶುಕ್ರವಾರ ಅಂವಾ ಬರ್ತಾನ" ಎಂದಿರಿ. ಫೋನ್ ಇಟ್ಟು, ನಿಮ್ಮ ಕಟ್ಟೆಯ ಮೇಲೆಯೇ ಕುಳಿತೆ. ಒಂದು ಪತ್ರಾಸೂ ಇಳಿದಿಲ್ಲ ಕಾಕು, ಒಂದೂ ಒಡೆದಿಲ್ಲ. ಎದುರಿಗೆ ಹೇಳಲು ಹೋದರೆ ಮತ್ತೆ ಸುಳ್ಳೇ ಬಾಯಿಗೆ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ಒಂದು ಮಾತು. ದೀಪಾವಳಿಗೆ ನೀವು ಇಲ್ಲಿಂದ ಒಯ್ದ ಎರಡು ಚೀಲ ಪತ್ರಾಸಿನ ಪುಡಿ ಹಿತ್ತಲಲ್ಲಿದೆಯಲ್ಲ, ಅದನ್ನು ಬಿಚ್ಚಬೇಡಿ. ಪುಟ್ಟ ಮೊಮ್ಮಗಳು ಅನುಜಾಳನ್ನು ಅದರ ಹತ್ತಿರ ಬಿಡಬೇಡಿ. ಈಗಲೇ ಎದ್ದು ಹೋಗಿ ಹಿತ್ತಲ ಬಾಗಿಲು ಹಾಕಿ ಬನ್ನಿ, ಆಮೇಲೆ ಮುಂದೆ ಓದಿ.

ನಮ್ಮ ಪಕ್ಕದ ಆ ನಿಮ್ಮ ಮನೆಯನ್ನು ನಾನು ಕೊಂಡದ್ದು ಕೀಲುನೋವಿನವರಿಗೆ, ಲಕವಾ ಹೊಡೆದವರಿಗೆ ವ್ಯಾಯಾಮ ಮಾಡಿಸುವ ದವಾಖಾನೆಗೆ. ಯಂತ್ರಗಳನ್ನು ಕೊಡುತ್ತೇವೆಂದ ಹೈದರಾಬಾದಿನ ಸಂಸ್ಥೆಯವರು ಮೊದಲು ಕಟ್ಟಡದ ತಪಾಸಣೆ ಆಗಬೇಕೆಂದರು. ಗೋಡೆ, ವೈರಿಂಗು ನೋಡಿ ಹೋಗುತ್ತಾರೆ ಅಂದುಕೊಂಡು ನಾನು ಚಹಾಕ್ಕೆ ಇಟ್ಟಿದ್ದೆ. ಬಂದ ಇಂಜಿನಿಯರು ಬಾಗಿಲಲ್ಲೇ ನಿಂತು ಮೇಲೆ ನೋಡಿದರು. ಆ ಪತ್ರಾಸಿನಲ್ಲಿ ಕಲ್ನಾರು ಇದೆಯಂತೆ, ಆಸ್ಬೆಸ್ಟಾಸ್. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ. ಪತ್ರಾಸು ಗಟ್ಟಿಯಾಗಿ ತನ್ನಷ್ಟಕ್ಕೆ ಇರುವತನಕ ಅಷ್ಟು ಭಯವಿಲ್ಲ, ಒಡೆದರೆ, ಕುಟ್ಟಿದರೆ ಎಳೆ ಉಸಿರಿನ ಜೊತೆ ಎದೆಗೆ ಇಳಿದು ಅಲ್ಲೇ ಕೂತುಬಿಡುತ್ತದೆ. ಹತ್ತಿಪ್ಪತ್ತು ವರ್ಷ ಸುಮ್ಮನಿದ್ದು ಆಮೇಲೆ ರೋಗವಾಗಿ ಏಳುತ್ತದೆ. ನಾನು ಎಲುಬು ಕೀಲಿನವಳು, ಪುಪ್ಪುಸದ ಪಾಠವನ್ನು ಪರೀಕ್ಷೆಗಷ್ಟೇ ಓದಿದವಳು. ಓದಿದ್ದು ನಮ್ಮ ತಲೆಯ ಮೇಲಿನ ಪತ್ರಾಸಿನ ಬಗ್ಗೆ ಎಂದು ಯಾವತ್ತೂ ಹೊಳೆದಿರಲಿಲ್ಲ.

ಇಳಿಸಲು ಎಷ್ಟಾಗುತ್ತದೆ ಎಂದೆ. ಆರು ಲಕ್ಷ ಎಂದರು. ನಾನು ನಕ್ಕೆ. ನಮ್ಮ ಓಣಿಯಲ್ಲಿ ಚಂದಪ್ಪ ಒಂದು ಮಧ್ಯಾಹ್ನದಲ್ಲಿ ಇಳಿಸಿ, ಕೂಲಿಯನ್ನೂ ಕೇಳದೆ, ಪತ್ರಾಸನ್ನು ದನದ ಕೊಟ್ಟಿಗೆಗೆ ಒಯ್ಯುತ್ತಾನೆ ಎಂದೆ. ಅವರು ನಗಲಿಲ್ಲ. ಒಂದೊಂದನ್ನೂ ನೀರು ಹೊಡೆದು, ಒಡೆಯದಂತೆ ಇಳಿಸಿ, ಎರಡು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಅಂಥ ಕಸವನ್ನೇ ಹೂಳುವ ಜಾಗಕ್ಕೆ ಲಾರಿಯಲ್ಲಿ ಸಾಗಿಸಬೇಕು, ಕೆಲಸದವರಿಗೆ ಮೈತುಂಬ ಉಡುಪು ಬೇಕು, ಅದಕ್ಕೇ ಆ ಖರ್ಚು ಎಂದರು. ಹೇಗೋ ಸಾಲ ಮಾಡಿದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಅವರು ಕೆಳಗೆ ನೋಡಿ, "ಈ ಅಂಗಳಕ್ಕ ಏನ್ ಹಾಕೀರಿ?" ಎಂದು ಕೇಳಿದರು.

ನಾನು ಹೆಮ್ಮೆಯಿಂದಲೇ ಹೇಳಿದೆ ಕಾಕು. ನಮ್ಮದು ಎರೆಮಣ್ಣು, ಮಳೆ ಬಂದರೆ ಚಪ್ಪಲಿ ಕಿತ್ತುಕೊಳ್ಳುತ್ತದೆ, ಅದಕ್ಕೆ ಒಡೆದ ಪತ್ರಾಸು ಕುಟ್ಟಿ ಹಾಸುತ್ತೇವೆ, ಮೇಲೆ ನೀರು ಹೊಡೆದರೆ ಗಚ್ಚಿನ ಹಾಗೆ ಕೂಡುತ್ತದೆ ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು ಕರವಸ್ತ್ರವನ್ನು ಮೂಗಿಗೆ ಹಿಡಿದರು. ನಾನು ಆಡಿ ಬೆಳೆದ ಅಂಗಳದಲ್ಲಿ ಒಬ್ಬ ಮನುಷ್ಯ ಮೂಗು ಮುಚ್ಚಿಕೊಂಡು ನಿಂತದ್ದನ್ನು ನೋಡಿ ನನಗೆ ಮೊದಲು ಬಂದದ್ದು ಸಿಟ್ಟು. ಭಯ ಬಂದದ್ದು ಆಮೇಲೆ. ಅಂಗಳವನ್ನು ಒಂದು ಮೊಳ ಅಗೆದು ಮಣ್ಣನ್ನೆಲ್ಲ ಹಾಗೇ ಕಟ್ಟಿ ಸಾಗಿಸಬೇಕಂತೆ, ಅದಕ್ಕೆ ಬೇರೆ ಹನ್ನೊಂದು ಲಕ್ಷ, ಎರಡೂ ಕೂಡಿ ಹದಿನೇಳು. ಇಡೀ ಮನೆಗೆ ನಾನು ನಿಮಗೆ ಕೊಟ್ಟದ್ದು ಹದಿನಾಲ್ಕು. ಮನೆಗಿಂತ ಅದರ ಧೂಳೇ ತುಟ್ಟಿಯಾಯಿತು. ದುಡ್ಡು ತಿರುಗಿ ಕೊಡಲು ಮಾತ್ರ ಬರಬೇಡಿ, ಬಂದರೆ ನಿಮ್ಮೊಡನೆ ಮಾತು ಬಿಡುತ್ತೇನೆ. ಅಂಗಳವನ್ನು ತೋಯಿಸಿ ತಾಡಪತ್ರಿ ಹೊದಿಸಿ ಮನೆಗೆ ಕೀಲಿ ಹಾಕಿದ್ದೇನೆ. ದವಾಖಾನೆ ಸದ್ಯಕ್ಕೆ ಬಾಡಿಗೆ ಅಂಗಡಿಯಲ್ಲಿ ನಡೆಯುತ್ತದೆ.

ಶ್ರೀರಂಗನಿಗೆ ಇಷ್ಟನ್ನು ಫೋನಿನಲ್ಲಿ ಹೇಳಿದೆ. "ಅವ್ವಗ ನಾ ಹೇಳಿದ್ರ ಕೇಳಂಗಿಲ್ಲ, ಟೆಂಪೋ ತಾ ಅಂತ ಗಂಟ ಬಿದ್ದಾಳ. ಅಪ್ಪ ಜನ್ಮಾ ಪೂರಾ ಹಾಕ್ಯಾನ, ಏನಾತು ಅಂತಾಳ. ನೀನ ಹೇಳಿ ನೋಡು" ಎಂದ. ಏನಾಯಿತು ಎಂಬ ಆ ಮಾತಿಗೇ ನಾನು ಹೆದರಿಕೊಂಡಿರುವುದು. ಯಾಕೆಂದರೆ ವ್ಯಂಕಟೇಶ ಕಾಕಾ ಹೋದ ದಿನದಿಂದ ನೀವು ಬಂದವರ ಮುಂದೆಲ್ಲ ಒಂದನ್ನೇ ಕೇಳುತ್ತಿದ್ದೀರಿ. "ಬೀಡಿ ಮುಟ್ಟಲಿಲ್ಲ, ತಂಬಾಕ ಮುಟ್ಟಲಿಲ್ಲ. ಇವರ ಎದಿಯೊಳಗ ಆ ಗಂಟು ಎಲ್ಲಿಂದ ಬಂತು? ನಾ ಏನ್ ಪಾಪ ಮಾಡಿದ್ದೆ?" ನಮ್ಮ ಅಮ್ಮಿ ನಿಮ್ಮನ್ನು ತಬ್ಬಿಕೊಂಡು ಅಳುತ್ತಿದ್ದಳು.

ನೀವು ಒಂದು ಮಳೆಗಾಲ ಅಂಗಳದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿರಿ. ಕಾಕಾ ಅಂದಿನಿಂದ ಪ್ರತಿ ವರ್ಷ ಮಳೆಗೆ ಮುಂಚೆ ಊರೆಲ್ಲ ತಿರುಗಿ ಒಡೆದ ಪತ್ರಾಸು ಹೊತ್ತು ತಂದು, ಪೋಸ್ಟ್ ಆಫೀಸಿಗೆ ರಜೆ ಹಾಕಿ, ಕುಕ್ಕರಗಾಲಲ್ಲಿ ಕೂತು ಕುಟ್ಟುತ್ತಿದ್ದರು. ಮೀಸೆಯೆಲ್ಲ ಬೂದಿ ಬಣ್ಣವಾಗಿರುತ್ತಿತ್ತು. "ನಿಮ್ಮ ಕಾಕು ಇನ್ನೊಮ್ಮಿ ಬಿದ್ದಳಂದ್ರ ನನಗ ಜ್ವಾಳದ ಭಕ್ರಿ ಯಾರ ಬಡೀಬೇಕು?" ಎಂದು ನಗಿಸುತ್ತಿದ್ದರು. ಕಾಕಾ ಸತ್ತದ್ದು ಇದರಿಂದಲೇ ಎಂದು ಈಗ ಯಾವ ಡಾಕ್ಟರೂ ಆಣೆ ಮಾಡಿ ಹೇಳಲಾರರು. ಆದರೆ ನನ್ನ ಮನಸ್ಸು ಹೇಳುತ್ತಿದೆ, ಅದನ್ನು ನಿಮ್ಮಿಂದ ಮುಚ್ಚಿಟ್ಟರೆ ಶುಕ್ರವಾರ ಟೆಂಪೋ ಬರುತ್ತದೆ, ಅಂಬೆಗಾಲಿಡುವ ಮಗು ಆ ಧೂಳಿನ ಮೇಲೆ ಆಡುತ್ತದೆ. ನೀವು ಪಾಪ ಮಾಡಿಲ್ಲ ಕಾಕು. ನಿಮ್ಮ ಕಾಲಿಗಾಗಿ ಅವರು ತೋರಿದ ಪ್ರೀತಿ ಅದು, ಪತ್ರಾಸಿನಲ್ಲಿ ವಿಷವಿದೆಯೆಂದು ಅದನ್ನು ಮಾರಿದವರು ಯಾರಿಗೂ ಹೇಳಲಿಲ್ಲ. ಬೈಯಬೇಕೆನಿಸಿದರೆ ಅವರನ್ನು ಬೈಯಿರಿ, ನಾನೂ ದನಿ ಕೂಡಿಸುತ್ತೇನೆ.

ಇನ್ನೊಂದು ಮಾತಿದೆ. ಕಾಕಾ ಕುಟ್ಟಿದ್ದನ್ನು ಜರಡಿ ಹಿಡಿಯುತ್ತಿದ್ದವರು ನಾವಿಬ್ಬರು. ಜರಡಿಯ ಒಂದು ಅಂಚು ನಿಮ್ಮ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ ಇರುತ್ತಿತ್ತು. ಎದೆಯ ಫೋಟೋ ತೆಗೆಸಲು ಮೊನ್ನೆ ಕಲಬುರಗಿಗೆ ಹೋಗಿದ್ದೆ. ನನ್ನ ಹೆಸರು ಕೂಗಿದರು. ಒಳಗೆ ಹೋಗದೆ, ಎದ್ದು ಹೊರಗೆ ಬಂದು ಬಸ್ ಹತ್ತಿಬಿಟ್ಟೆ. ದಿನವೂ ಬೇರೆಯವರಿಗೆ ಧೈರ್ಯ ಹೇಳುವವಳು ನಾನು. ಬುಧವಾರ ಜೇವರ್ಗಿಗೆ ಬರುತ್ತೇನೆ, ಫೋಟೋ ತೆಗೆಸಲು ನಿಮ್ಮನ್ನೂ ಕಲಬುರಗಿಗೆ ಕರೆದುಕೊಂಡು ಹೋಗಬೇಕು. ನಿಮ್ಮ ಸಲುವಾಗಿ ಎಂದು ಬರೆಯಲು ಹೊರಟಿದ್ದೆ, ಅದೂ ಸುಳ್ಳಾಗುತ್ತಿತ್ತು. ನನಗೆ ಬಹಳ ಹೆದರಿಕೆಯಾಗುತ್ತಿದೆ ಕಾಕು. ಹೆಸರು ಕೂಗಿದಾಗ ಪಕ್ಕದಲ್ಲಿ ನೀವು ಇರಬೇಕು.

ಅನುಜಾಳಿಗೆ ನೂರು ವರ್ಷ ನಿರುಮ್ಮಳ ಉಸಿರು ಸಿಗಲಿ, ಅಲ್ಲಾಹನೂ ನಿಮ್ಮ ದತ್ತಾತ್ರೇಯನೂ ಕೂಡಿ ಅವಳನ್ನು ಕಾಯಲಿ.

ಬುಧವಾರದ ದಾರಿ ನೋಡುತ್ತಿರುವ,
ನಿಮ್ಮ ನೂರೀನ